ಬಾಟಲಿಯೊಳಗಿನ ಬಾಳೆ

ನನ್ನ ಅಕ್ಕನನ್ನು ಲ್ಯಾಬಿನಲ್ಲಿ ಎಲ್ಲರೂ ಚಿಮಟದಕ್ಕ ಎಂದೇ ಕರೆಯುತ್ತಾರೆ. ಎಡಗೈಯಲ್ಲಿ ಉದ್ದನೆಯ ಚಿಮಟ, ಬಲಗೈಯಲ್ಲಿ ಸಣ್ಣ ಚಾಕು ಹಿಡಿದು ಇಪ್ಪತ್ತೇಳು ವರ್ಷ ಗಿಡ ಕತ್ತರಿಸಿದವಳು ಅವಳು. ಗಿಡವೆಂದರೆ ತೋಟದ ಗಿಡವಲ್ಲ, ಗಾಜಿನ ಬಾಟಲಿಯೊಳಗೆ ಬೆರಳುದ್ದ ಬೆಳೆಯುವ ಸಸಿ. ಒಂದು ಸಸಿಯನ್ನು ಸೀಳಿ ಮೂರು ಮಾಡಬೇಕು, ಮೂರನ್ನೂ ಸಕ್ಕರೆ, ಲವಣ ಬೆರೆಸಿದ ಜೆಲ್ಲಿಯಲ್ಲಿ ಊರಬೇಕು, ಮುಚ್ಚಳ ಹಾಕಬೇಕು, ತಿಂಗಳು ಕಳೆದ ಮೇಲೆ ಆ ಮೂರನ್ನು ಒಂಬತ್ತು ಮಾಡಬೇಕು. ಒಂದು ಕೂದಲು, ಒಂದು ಸೀನು, ಒಂದು ಮಾತು ಒಳಗೆ ಬಿದ್ದರೂ ಬಾಟಲಿಯಲ್ಲಿ ಬೂಷ್ಟು ಹತ್ತುತ್ತದೆ. ಆದ್ದರಿಂದ ಕೆಲಸದ ಹೊತ್ತಿನಲ್ಲಿ ಅಕ್ಕ ಮಾತಾಡುವುದಿಲ್ಲ. ಆ ಎಂಟು ಗಂಟೆಯ ಬಾಕಿಯನ್ನು ಮನೆಗೆ ಬಂದು ಭಾವನ ಮೇಲೆ ತೀರಿಸಿಕೊಳ್ಳುತ್ತಾಳೆ.

ಗಿಡ ಕಂಡರೆ ಕರಗುವ ಹೆಂಗಸು ಎಂದು ಯಾರೂ ತಿಳಿಯಬಾರದು. ಅವಳ ಮನೆಯಲ್ಲಿ ಇರುವುದು ಟಿ.ವಿ. ಮೇಲಿನ ಪ್ಲಾಸ್ಟಿಕ್ ಹೂವೊಂದೇ. ಸೈಕಲ್ ರಿಪೇರಿ ಅಂಗಡಿ ಇಟ್ಟಿರುವ ಭಾವ ಒಮ್ಮೆ ಬಾಲ್ಕನಿಗೆ ಎರಡು ಕುಂಡ ತಂದಿಟ್ಟಾಗ, "ಹಗಲೆಲ್ಲಾ ಇದರ ಮುಖ ನೋಡಿ ಸಾಕಾಗಿದೆ, ಮನೇಲೂ ಬೇಕಾ?" ಎಂದು ಪಕ್ಕದ ಮನೆಗೆ ದಾಟಿಸಿದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಡಿಗ್ರಿ ಮುಗಿಸಿ ಬಂದವರು ಅವಳ ಕೈ ನೋಡಿ ಕಲಿಯುತ್ತಾರೆ, ಆಮೇಲೆ ಅವಳಿಗೇ ಹೇಳಿಕೊಡುತ್ತಾರೆ. ಅದೊಂದು ಅವಳಿಗೆ ಮೈಯೆಲ್ಲಾ ಉರಿಯುವ ವಿಷಯ. "ಕೈಗೆ ಗೊತ್ತಿರೋದು ಇವರ ಕಾಗದಕ್ಕೆ ಗೊತ್ತಿಲ್ಲ ಕಣೋ" ಎಂದು ನನ್ನ ಹತ್ತಿರ ಸಾವಿರ ಸಲ ಹೇಳಿದ್ದಾಳೆ. ಆ ಮಾತು ಅವಳನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ಹೇಳುವುದಕ್ಕೇ ನಾನು ಇದನ್ನು ಬರೆಯಲು ಕೂತಿರುವುದು.

ನನ್ನನ್ನು ಆ ಲ್ಯಾಬಿಗೆ ಸೇರಿಸಿದವಳೂ ಅಕ್ಕನೇ. ನನ್ನ ಕೆಲಸ ಹಿಂದಿನ ಕೋಣೆಯಲ್ಲಿ. ಅಲ್ಲಿ ಆಳೆತ್ತರದ ಎರಡು ಪ್ರೆಷರ್ ಕುಕ್ಕರುಗಳಿವೆ. ಬಾಟಲಿ, ಚಿಮಟ, ಚಾಕು, ಆಹಾರದ ನೀರು ಎಲ್ಲವನ್ನೂ ಅದರೊಳಗಿಟ್ಟು ಹಬೆಯಲ್ಲಿ ಬೇಯಿಸಿ ಒಂದು ಕ್ರಿಮಿಯೂ ಉಳಿಯದಂತೆ ಮಾಡಿಕೊಡುತ್ತೇನೆ. ಬೂಷ್ಟು ಹತ್ತಿ ಕೆಟ್ಟ ಬಾಟಲಿಗಳೂ ತೊಳೆಯುವ ಮೊದಲು ನನ್ನ ಹತ್ತಿರವೇ ಬರುತ್ತವೆ. ಹುಟ್ಟುವುದಕ್ಕೂ ನಾನೇ, ಮಣ್ಣು ಮಾಡುವುದಕ್ಕೂ ನಾನೇ. ಅದಕ್ಕೇ ನನಗೆ ಹಬೆಯಣ್ಣ ಎಂದು ಹೆಸರು. ಸಿಟ್ಟು ಬೇಗ ಬರುತ್ತದೆ ಎಂಬುದೂ ಅದಕ್ಕೆ ಇನ್ನೊಂದು ಕಾರಣ ಎನ್ನುತ್ತಾರೆ. ಇರಬಹುದು.

ಮೂರು ವರ್ಷದ ಹಿಂದೆ ಒಬ್ಬ ಮುದುಕಿ ಒದ್ದೆ ಗೋಣಿಯಲ್ಲಿ ಒಂದು ಬಾಳೆಕಂದು ಸುತ್ತಿಕೊಂಡು ಲ್ಯಾಬಿನ ಬಾಗಿಲಿಗೆ ಬಂದಳು. ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಅವಳ ತೋಟಕ್ಕೆ ರೋಗ ತಗುಲಿತ್ತು. ಎಲೆಗಳು ಬಿಡಿಸಿಕೊಳ್ಳದೆ ತುದಿಯಲ್ಲಿ ಗೊಂಚಲಾಗಿ ಸೆಟೆದು ನಿಲ್ಲುತ್ತವೆ, ಗೊನೆ ಬರುವುದಿಲ್ಲ. ಔಷಧಿ ಇಲ್ಲದ ರೋಗ. ಕಡಿದು ಸುಡಬೇಕೆಂದು ಇಲಾಖೆಯವರು ಹೇಳಿದ್ದರು, ಸುಟ್ಟಿದ್ದಳು. ಅದೇ ತಳಿ ಬೆಳೆಯುತ್ತಿದ್ದ ಅಕ್ಕಪಕ್ಕದವರೂ ಸುಟ್ಟಿದ್ದರು. ಅವಳ ಅತ್ತೆ ತಂದು ನೆಟ್ಟಿದ್ದ ಗಿಡ್ಡ ಬಾಳೆ, ತೆಳ್ಳನೆಯ ಸಿಪ್ಪೆ, ಒಂದು ಹಣ್ಣು ಸುಲಿದರೆ ಮೂರು ಕೋಣೆಗೆ ವಾಸನೆ. ಈಗ ಎಲ್ಲಾ ಸೇರಿ ಉಳಿದದ್ದು ಗೋಣಿಯೊಳಗಿನ ಈ ಒಂದು ಕಂದು. ಪರೀಕ್ಷೆ ಮಾಡಿದರೆ ಅದರಲ್ಲೂ ರೋಗವಿತ್ತು.

"ಹಾಗಾದ್ರೆ ಮುಗೀತಾ?" ಎಂದಳು ಮುದುಕಿ.

ಅಕ್ಕ ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದಳು. "ಮುಗೀಲಿಲ್ಲ. ಬಾಳೆಯ ನಡುಮಧ್ಯ, ಎಲ್ಲಕ್ಕಿಂತ ಒಳಗೆ, ಒಂದು ಮೊಳಕೆ ತುದಿ ಇರುತ್ತೆ. ಸಾಸಿವೆ ಕಾಳಿಗಿಂತ ಚಿಕ್ಕದು. ಕೆಲವು ಸಲ ರೋಗ ಅಲ್ಲೀತನಕ ಹೋಗಿರಲ್ಲ. ಅದನ್ನ ಬಿಡಿಸಿ ಬೆಳೆಸಿ ನೋಡೋಣ. ಆಗೇ ಆಗುತ್ತೆ ಅಂತ ಮಾತ್ರ ಹೇಳಲ್ಲ."

ಹದಿನಾಲ್ಕು ತುದಿಗಳನ್ನು ಅಕ್ಕ ಸೂಕ್ಷ್ಮದರ್ಶಕದ ಕೆಳಗೆ ಕತ್ತರಿಸಿದಳು. ಕಂದನ್ನು ಬೆಳೆಸಿ, ಅದು ಮರಿ ಹಾಕಿ, ಒಂದೊಂದು ಮರಿಯಿಂದ ಒಂದೊಂದು ತುದಿ ತೆಗೆಯುವುದಕ್ಕೆ ಏಳು ತಿಂಗಳು ಹಿಡಿಯಿತು. ಹನ್ನೊಂದು ಕಪ್ಪಾಗಿ ಸತ್ತವು. ಎರಡು ಬದುಕಿದವು, ಪರೀಕ್ಷೆಯಲ್ಲಿ ರೋಗ ತೋರಿಸಿದವು, ಅವನ್ನೂ ತಾಯಿ ಕಂದನ್ನೂ ಸುಟ್ಟೆವು. ಒಂದೇ ಒಂದು ಶುದ್ಧವಾಗಿ ಬಂತು. ಆ ಪರೀಕ್ಷೆಯ ಕಾಗದ ಬಂದ ದಿನ ಅಕ್ಕ ನನ್ನ ಕೋಣೆಗೆ ಬಂದು ಒಂದರ ಹಿಂದೆ ಒಂದು ಎರಡು ಲೋಟ ಚಹಾ ಕುಡಿದು, ಒಂದು ಮಾತೂ ಆಡದೆ ಹೋದಳು. ಅವಳು ಅಷ್ಟು ಸಂತೋಷಪಟ್ಟದ್ದನ್ನು ನಾನು ಅವಳ ಮಗಳ ಮದುವೆಯಲ್ಲೂ ನೋಡಿರಲಿಲ್ಲ.

ಅಂದಿನಿಂದ ಮುದುಕಿ ಪ್ರತಿ ತಿಂಗಳ ಮೊದಲ ಸೋಮವಾರ ಬರತೊಡಗಿದಳು. ನಾವು ಅವಳಿಗೆ ಬಾಳೆಯಮ್ಮ ಎಂದು ಹೆಸರಿಟ್ಟೆವು. ಸಸಿಗಳಿರುವ ಕೋಣೆಗೆ ಹೊರಗಿನವರನ್ನು ಬಿಡುವುದಿಲ್ಲ. ಪಡಸಾಲೆಯ ಗೋಡೆಗೆ ದೊಡ್ಡ ಗಾಜಿದೆ, ಅದರಿಂದ ನೋಡಬೇಕು. ಮೂರು ಬಾಟಲಿ ಇದ್ದದ್ದು ಐದಾಯಿತು, ಎಂಟಾಯಿತು, ಇಪ್ಪತ್ತು ದಾಟಿತು. "ಹೋದ್ಸಲಕ್ಕಿಂತ ಒಂದು ಎಲೆ ಜಾಸ್ತಿ ಅಲ್ವಾ?" ಎಂದು ನನ್ನನ್ನೇ ಕೇಳುತ್ತಿದ್ದಳು. ನನಗೇನು ಗೊತ್ತು? ಹೌದೆನ್ನುತ್ತಿದ್ದೆ. ಇನ್ನೂರು ಗಿಡ ಕೊಡುತ್ತೇವೆಂದು ಅಕ್ಕ ಮಾತು ಕೊಟ್ಟಿದ್ದಳು. ಬಾಳೆಯಮ್ಮ ಒಂದು ವರ್ಷ ಮೊದಲೇ ಇನ್ನೂರು ಗುಂಡಿ ತೆಗೆಸಿಟ್ಟಳು.

ಜೆಲ್ಲಿಯಲ್ಲಿ ಆ ತಳಿ ಬಹಳ ನಿಧಾನ. ಒಂದು ಮೂರಾಗುವ ಬದಲು ಒಂದೂವರೆ ಆಗುತ್ತಿತ್ತು. ಇನ್ನೂರಾಗುವ ಹೊತ್ತಿಗೆ ನಾನು ಮುದುಕನಾಗುತ್ತೇನೆ ಎಂದು ನಾನು ಗೊಣಗುತ್ತಿದ್ದೆ. ಅಷ್ಟರಲ್ಲಿ ನಮ್ಮ ಯಜಮಾನರು ಎಲ್ಲೋ ನೋಡಿ ಬಂದು ಹೊಸ ಯಂತ್ರ ತರಿಸಿದರು. ಅದಕ್ಕೆ ಜೆಲ್ಲಿ ಬೇಡ. ಒಂದೇ ಡಬ್ಬದಲ್ಲಿ ಎರಡು ಅಂತಸ್ತು: ಮೇಲೆ ಸಸಿ, ಕೆಳಗೆ ಆಹಾರದ ನೀರು. ಹೊತ್ತಿಗೆ ಸರಿಯಾಗಿ ಪಂಪು ಕೆಳಗಿನಿಂದ ಗಾಳಿ ಒತ್ತುತ್ತದೆ, ನೀರು ಮೇಲೇರಿ ಸಸಿಗಳನ್ನು ಮುಳುಗಿಸುತ್ತದೆ, ಒಂದು ನಿಮಿಷ ನಿಂತು ಮತ್ತೆ ಕೆಳಗಿಳಿಯುತ್ತದೆ. ಆಮೇಲೆ ಗಂಟೆಗಟ್ಟಲೆ ಸಸಿಗೆ ಬರೀ ಗಾಳಿ. ಲ್ಯಾಬಿನ ಉಸ್ತುವಾರಿ ನೋಡುವ ಮೇಡಂ ಆರು ಗಂಟೆಗೊಮ್ಮೆ ಒಂದು ನಿಮಿಷ ಎಂದು ಟೈಮರ್ ಹೊಂದಿಸಿ, ಅದರ ಪೆಟ್ಟಿಗೆಯ ಮೇಲೆ 'ಮುಟ್ಟಬೇಡಿ' ಎಂದು ಚೀಟಿ ಅಂಟಿಸಿ, ಹೆರಿಗೆಗೆ ರಜೆ ಹಾಕಿ ಹೋದರು. ಆರು ತಿಂಗಳ ರಜೆ. ಒಂದಷ್ಟು ಬಾಳೆಯನ್ನು ಯಂತ್ರಕ್ಕೆ ಹಾಕಲು ಹೇಳಿದ್ದರು. ಹನ್ನೆರಡು ಬಾಟಲಿಯನ್ನು ಮಾತ್ರ ಜೆಲ್ಲಿಯಲ್ಲೇ ಇಟ್ಟಿರಬೇಕು, ಅವು ತಾಯಿ ಬಾಟಲಿ, ಏನೇ ಹೆಚ್ಚು ಕಡಿಮೆಯಾದರೂ ಅವಿರುತ್ತವೆ ಎಂದು ಹೇಳಿದ್ದರು.

ಮುಂದಿನ ತಿಂಗಳ ಸೋಮವಾರ ಬಾಳೆಯಮ್ಮ ಬಂದು ಗಾಜಿಗೆ ಹಣೆ ಒತ್ತಿ ನಿಂತಳು. ಬಹಳ ಹೊತ್ತು ನಿಂತಿದ್ದಳು.

"ನೀರೆಲ್ಲ ಕೆಳಗಿದೆ, ಗಿಡ ಮೇಲಿದೆ. ಇದೇನಮ್ಮ?"

ಅಕ್ಕ ವಿವರಿಸಿದಳು. ಬಾಳೆಯಮ್ಮ ತಲೆಯಾಡಿಸಲಿಲ್ಲ. "ಎಲೆ ಅಂಚು ನೋಡು, ಸುಟ್ಟ ಹಾಗಾಗಿದೆ. ನಾನು ನಿಮ್ಮ ಹಾಗೆ ಯಂತ್ರ ಕಂಡವಳಲ್ಲ. ಆದ್ರೆ ಐವತ್ತು ವರ್ಷ ಬಾಳೆಗೆ ನೀರು ಕಟ್ಟಿದ್ದೀನಿ. ಈ ಕೈಗೆ ಗೊತ್ತು. ಅದಕ್ಕೆ ನೀರು ಸಾಲ್ತಿಲ್ಲ ಕಣಮ್ಮ."

ಅಕ್ಕ ಆ ವಾರವೆಲ್ಲ ಆ ಡಬ್ಬಗಳ ಮುಂದೆಯೇ ಸುಳಿದಾಡುತ್ತಿದ್ದಳು. ಅಂಚು ಒಣಗಿದ್ದು ನಿಜ. ಮೇಡಂಗೆ ಫೋನ್ ಮಾಡಿದರೆ ಅವರ ತಾಯಿ ಎತ್ತಿ, ಮಗು ಬಂದು ಎರಡು ದಿನವಾಯಿತು, ಆಮೇಲೆ ಮಾಡಿ ಎಂದರು. ಶುಕ್ರವಾರ ಅಕ್ಕ ನನ್ನ ಕೋಣೆಗೆ ಬಂದಳು.

"ಆ ಟೈಮರ್ ನಿನಗೆ ಬರುತ್ತಲ್ವಾ? ಎರಡು ಗಂಟೆಗೊಮ್ಮೆ, ಐದು ನಿಮಿಷ ಮಾಡು."

"ಮುಟ್ಟಬೇಡಿ ಅಂತ ಬರೆದಿದೆ."

"ಬರೆದೋರಿಗೆ ಇಪ್ಪತ್ತೊಂಬತ್ತು ವಯಸ್ಸು. ಆ ಅಮ್ಮ ಐವತ್ತು ವರ್ಷ ಬಾಳೆ ಸಾಕಿದ್ದಾಳೆ. ಮಾಡು ಅಂದ್ರೆ ಮಾಡೋ."

ಬಟನ್ ಒತ್ತಿದವನು ನಾನು. ಇದನ್ನು ಮುಚ್ಚಿಟ್ಟು ಕಥೆ ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗುತ್ತದೆ.

ಸಸಿಗಳು ಬೆಳೆದವು. ಬೆಳೆದವು ಎಂದರೆ ಸಾಲದು, ಉಕ್ಕಿದವು. ಇಪ್ಪತ್ತು ದಿನಕ್ಕೆ ಡಬ್ಬ ತುಂಬಿತು. ಕಾಂಡ ದಪ್ಪ, ಎಲೆ ಅಗಲ, ನೋಡಿದರೆ ದೃಷ್ಟಿ ತಾಗುವ ಹಸಿರು. ಅಕ್ಕ ಒಂದೊಂದನ್ನು ಐದು ಮಾಡಿದಳು, ದಪ್ಪಗಿದ್ದುದನ್ನೇ ಆರಿಸಿ ಮುಂದಿನ ಸುತ್ತಿಗೆ ಇಟ್ಟಳು. ಯಾರಾದರೂ ಅದನ್ನೇ ಮಾಡುತ್ತಾರೆ, ಬಡಕಲನ್ನು ಯಾರು ಇಡುತ್ತಾರೆ? ಯಜಮಾನರು ಡಬ್ಬದ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಬಾಳೆಯಮ್ಮ ಗಾಜಿನ ಆಚೆ ನಿಂತು ಕಣ್ಣೊರೆಸಿಕೊಂಡಳು. ಅಕ್ಕನ ಮುಖದಲ್ಲಿ ಬಿಂಕ ಕುಣಿಯುತ್ತಿತ್ತು. ಜೆಲ್ಲಿಯಲ್ಲಿದ್ದ ತಾಯಿ ಬಾಟಲಿಗಳು ಇವುಗಳ ಎದುರು ಉಪವಾಸ ಬಿದ್ದವರ ಹಾಗೆ ಕಾಣತೊಡಗಿದವು. ಗಿಡ ಕೊಡುವ ದಿನ ಹತ್ತಿರವಾಗುತ್ತಿತ್ತು, ಲೆಕ್ಕಕ್ಕೆ ಇನ್ನೂ ಕಡಿಮೆಯಿತ್ತು. ಒಂದು ಬೆಳಿಗ್ಗೆ ಅಕ್ಕ ಆ ಹನ್ನೆರಡನ್ನೂ ತೆಗೆದು ಯಂತ್ರಕ್ಕೆ ಹಾಕಿಬಿಟ್ಟಳು.

"ನಾಲ್ಕಾದ್ರೂ ಹಾಗೇ ಇಡೇ ಅಕ್ಕ" ಎಂದೆ.

"ನೀನು ನಿನ್ನ ಕುಕ್ಕರ್ ನೋಡ್ಕೋ."

ನೋಡಿಕೊಂಡೆ. ಅವತ್ತು ನಾನು ಕಾಲು ಕೆರೆದು ಜಗಳ ತೆಗೆಯಬೇಕಿತ್ತು. ದಿನಾ ಬೇಡದ ವಿಷಯಕ್ಕೆ ಜಗಳವಾಡುವ ನಾನು ಅವತ್ತೊಂದು ದಿನ ಒಳ್ಳೆಯವನಾದೆ.

ಮೇಡಂ ರಜೆ ಮುಗಿಸಿ ಬಂದರು. ಎಲ್ಲರೂ ನಗುನಗುತ್ತಾ ಅವರನ್ನು ಡಬ್ಬದ ಮುಂದೆ ನಿಲ್ಲಿಸಿದೆವು. ಅವರು ನಗಲಿಲ್ಲ. ಒಂದು ಸಸಿಯನ್ನು ಹೊರತೆಗೆದು, ಎಲೆಯನ್ನು ಟ್ಯೂಬ್‌ಲೈಟಿನ ಎದುರು ಹಿಡಿದರು. ಆಚೆ ಬದಿಯ ಅವರ ಬೆರಳು ಎಲೆಯ ಮೂಲಕ ಕಂಡಿತು.

"ಗಾಜಾಗಿದೆ" ಎಂದರು ಮೆಲ್ಲಗೆ.

ಆಮೇಲೆ ಅವರು ಹೇಳಿದ್ದನ್ನು ನನಗೆ ಅರ್ಥವಾದ ಮಟ್ಟಿಗೆ ಹೇಳುತ್ತೇನೆ. ಎಲೆಯ ಮೈಯಲ್ಲಿ ಸಣ್ಣ ಸಣ್ಣ ಬಾಯಿಗಳಿರುತ್ತವೆ. ನೀರು ಇಲ್ಲದ ಹೊತ್ತಿನಲ್ಲಿ ಅವನ್ನು ಮುಚ್ಚಿಕೊಳ್ಳುವುದನ್ನು ಗಿಡ ಕಲಿಯಬೇಕು. ಮೈಮೇಲೆ ಮೇಣದಂಥ ಒಂದು ಪದರವೂ ಕೂರಬೇಕು. ಆ ಆರು ಗಂಟೆಯ ಬರೀ ಗಾಳಿ ಇದ್ದದ್ದು ಅದಕ್ಕೇ. ನಾವು ಸದಾ ನೆನೆಸಿಟ್ಟ ಈ ಸಸಿಗಳು ಅದನ್ನು ಕಲಿತೇ ಇರಲಿಲ್ಲ. ದಪ್ಪ ಕಾಣುತ್ತಿದ್ದುದು ಬರೀ ನೀರು. ದಪ್ಪಗಿದ್ದುದನ್ನೇ ಆರಿಸಿ ಆರಿಸಿ ಸುತ್ತಿನಿಂದ ಸುತ್ತಿಗೆ ನಾವು ಈ ಗಾಜಿನ ರೋಗವನ್ನೇ ಬೆಳೆಸಿದ್ದೆವು. ಮುಚ್ಚಳದೊಳಗೆ ಇರುವವರೆಗೆ ಇರುತ್ತವೆ, ಹೊರಗಿನ ಗಾಳಿ ತಡೆಯುವುದಿಲ್ಲ.

"ತಾಯಿ ಬಾಟಲಿ ಎಲ್ಲಿ?" ಎಂದರು ಮೇಡಂ.

ಅಕ್ಕ ನೆಲ ನೋಡಿದಳು. ಇಪ್ಪತ್ತೇಳು ವರ್ಷದಲ್ಲಿ ಅವಳು ಯಾರ ಮುಂದೆಯೂ ನೆಲ ನೋಡಿದವಳಲ್ಲ.

ಮೇಡಂ ಬೈಯಲಿಲ್ಲ, ಅದು ಇನ್ನೂ ಕಷ್ಟ. ಕೆಲವು ಸಲ ಸರಿಹೋಗುವುದುಂಟು ಎಂದು ಇಬ್ಬರೂ ನಾಲ್ಕು ತಿಂಗಳು ಹೆಣಗಿದರು. ಮತ್ತೆ ಜೆಲ್ಲಿಗೆ ಹಾಕಿದರು, ಜೆಲ್ಲಿ ಗಟ್ಟಿ ಮಾಡಿದರು, ಗಾಳಿಯಾಡುವ ಮುಚ್ಚಳ ಹಾಕಿದರು, ಸಕ್ಕರೆ ಹೆಚ್ಚಿಸಿದರು, ಇಳಿಸಿದರು. ಹೊಸ ಚಿಗುರು ಬಂತು, ಅದೂ ಗಾಜು. ನೋಡಲು ಗಟ್ಟಿಯಾಗಿದ್ದ ಅರವತ್ತನ್ನು ಆರಿಸಿ ಶೆಡ್ಡಿನ ಪ್ಲಾಸ್ಟಿಕ್ ಹೊದಿಕೆಯೊಳಗೆ ಮಣ್ಣಿಗೆ ಹಾಕಿದರು. ಅಕ್ಕ ಊಟದ ಹೊತ್ತಿನಲ್ಲೂ ಅಲ್ಲೇ ಕೂತು ಮಂಜಿನ ಹಾಗೆ ನೀರು ಸಿಂಪಡಿಸಿದಳು. ಎರಡನೆಯ ದಿನ ಅರವತ್ತೂ ನೆಲಕ್ಕಂಟಿದವು. ಅವಳು ಒಂದೊಂದನ್ನೂ ಎತ್ತಿ ನಿಲ್ಲಿಸಲು ನೋಡಿದಳು. ನಾನು ಕೈ ಹಿಡಿದು ಎಬ್ಬಿಸಬೇಕಾಯಿತು.

ಆ ತಿಂಗಳುಗಳಲ್ಲಿ ನನಗೆ ಯಾರ ಮೇಲೆ ಸಿಟ್ಟಿರಲಿಲ್ಲ ಎಂದು ಕೇಳಿ. ಯಂತ್ರದ ಮೇಲೆ, ಅಕ್ಕನ ಮೇಲೆ, ನನ್ನ ಬೆರಳಿನ ಮೇಲೆ. ಎಲ್ಲಕ್ಕಿಂತ ಹೆಚ್ಚು ಬಾಳೆಯಮ್ಮನ ಮೇಲೆ. ನೀರು ಸಾಲದು ಅಂದವಳು ಅವಳಲ್ಲವೇ? ಅವಳಾದರೋ ತಿಂಗಳ ಸೋಮವಾರ ತಪ್ಪದೆ ಬಂದು ಗಾಜಿನ ಆಚೆಯ ಹಸಿರು ನೋಡಿ, ಅಕ್ಕನ ಕೆನ್ನೆ ಸವರಿ ಹೋಗುತ್ತಿದ್ದಳು. "ಇನ್ನೂ ಸ್ವಲ್ಪ ದಿನ ಆಗುತ್ತಮ್ಮ" ಎನ್ನುತ್ತಿದ್ದಳು ಅಕ್ಕ. ನನ್ನ ನಾಲಿಗೆ ತುದಿಗೆ ಬಂದದ್ದನ್ನು ಎಷ್ಟು ಸಲ ನುಂಗಿದೆನೋ.

ಕೊನೆಗೆ ತಿಂಗಳ ಕೊನೆಯೊಳಗೆ ಆ ಕಪಾಟು ಖಾಲಿಯಾಗಬೇಕೆಂದು ಯಜಮಾನರು ಹೇಳಿದರು. ಬಾಳೆಯಮ್ಮನಿಗೆ ಯಾರಾದರೂ ತಿಳಿಸಬೇಕಿತ್ತು. ಮೇಡಂ ತಾವೇ ಹೇಳುತ್ತೇನೆಂದರು. ಅಕ್ಕ ಬೇಡವೆಂದಳು. "ನೀನು ಪಕ್ಕದಲ್ಲಿರು. ಬಾಯಿ ಮಾತ್ರ ಬಿಡಬೇಡ" ಎಂದು ನನ್ನನ್ನು ಕರೆದಳು.

ಬಾಳೆಯಮ್ಮ ಅವತ್ತು ನಾಲ್ಕು ಬುಟ್ಟಿ ಒಂದರೊಳಗೊಂದು ಸೇರಿಸಿ ತಂದಿದ್ದಳು. "ಮೊದಲ ಮಳೆ ಆಯ್ತು. ಆದಷ್ಟು ಕೊಡಿ, ಉಳಿದದ್ದಕ್ಕೆ ಆಮೇಲೆ ಬರ್ತೀನಿ" ಎಂದಳು.

ಅಕ್ಕ ಅವಳ ಪಕ್ಕ ಬೆಂಚಿನ ಮೇಲೆ ಕೂತಳು. "ಒಂದೂ ಇಲ್ಲಮ್ಮ. ಎಲ್ಲಾ ಹಾಳಾಗಿದೆ. ಮಣ್ಣಿಗೆ ಹಾಕಿದ್ರೆ ಬದುಕಲ್ಲ."

ಬಾಳೆಯಮ್ಮ ಗಾಜಿನತ್ತ ನೋಡಿದಳು. ನಾಲ್ಕು ಸಾಲು, ಸಾಲಿಗೆ ಹತ್ತು ಡಬ್ಬ, ಮುಚ್ಚಳ ಮುಟ್ಟುವಷ್ಟು ಹಸಿರು. ಅಕ್ಕನ ಮುಖ ನೋಡಿದಳು. ಮತ್ತೆ ಗಾಜಿನತ್ತ ನೋಡಿದಳು. ನಿಧಾನವಾಗಿ ಅವಳ ಮುಖ ಬಿಗಿಯಾಯಿತು.

"ಬೇರೆ ಯಾರಿಗೋ ಕೊಡ್ತೀರಾ?"

"ಅಯ್ಯೋ, ಇಲ್ಲಮ್ಮ."

"ನನ್ನ ಕಣ್ಣು ಹೋಗಿಲ್ಲ. ತುಂಬಿ ತುಳುಕ್ತಿದೆ ಅಲ್ಲಿ. ನಮ್ಮ ಬಾಳೆ ಒಳ್ಳೇದು ಅಂತ ಗೊತ್ತಾಯ್ತು, ಈಗ ಈ ಮುದುಕಿ ಯಾಕೆ, ಅಲ್ವಾ? ನಿನ್ನನ್ನ ನಾನು ಮಗಳು ಅಂದ್ಕೊಂಡಿದ್ದೆ."

ಅಕ್ಕ ಏನು ಹೇಳಿದರೂ ಅವಳು ತಲೆ ಅಲ್ಲಾಡಿಸುತ್ತಲೇ ಇದ್ದಳು. ಗಾಜಿನ ಆಚೆ ಅಷ್ಟು ಹಸಿರಿರುವಾಗ ಯಾರು ನಂಬುತ್ತಾರೆ? ನಾನಾಗಿದ್ದರೂ ನಂಬುತ್ತಿರಲಿಲ್ಲ. ಅಕ್ಕ ಎದ್ದಳು. ಒಳಗೆ ಹೋಗಿ ಒಂದು ಡಬ್ಬವನ್ನೇ ಎತ್ತಿ ತಂದಳು. ಇಪ್ಪತ್ತೇಳು ವರ್ಷ ಒಂದು ಉಸಿರು ಸೋಕದಂತೆ ಕಾದವಳು, ಪಡಸಾಲೆಯ ಧೂಳಿನಲ್ಲಿ ನಿಂತು ಮುಚ್ಚಳ ತಿರುಗಿಸಿ ತೆಗೆದಳು. ಎಲ್ಲಕ್ಕಿಂತ ಚೆಂದದ ಗೊಂಚಲನ್ನು ಆರಿಸಿ ಬಾಳೆಯಮ್ಮನ ಎರಡೂ ಅಂಗೈಯ ಮೇಲಿಟ್ಟಳು.

"ಹಿಡ್ಕೊಂಡಿರಿ. ಸ್ವಲ್ಪ ಹೊತ್ತು ಹಿಡ್ಕೊಂಡಿರಿ, ನೋಡಿ."

ಮೂರು ವರ್ಷದಲ್ಲಿ ಬಾಳೆಯಮ್ಮ ಅದನ್ನು ಮುಟ್ಟಿದ್ದು ಅದೇ ಮೊದಲು. ಅವಳ ಮುಖ ಅರಳಿತು. ಅದನ್ನು ನೋಡಲಾರದೆ ನಾನು ಬಾಗಿಲ ಕಡೆ ತಿರುಗಿದೆ. ಐದು ನಿಮಿಷಕ್ಕೆ ತುದಿಯ ಎಲೆ ಬಾಗಿತು. ಹತ್ತು ನಿಮಿಷಕ್ಕೆ ಎಲ್ಲಾ ಎಲೆಗಳೂ ಅವಳ ಬೆರಳಿನ ಮೇಲೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದವು. ಕಾಲು ಗಂಟೆಗೆ ಅವಳ ಅಂಗೈಯಲ್ಲಿದ್ದುದು ಬಾಳೆ ಎಂದು ಯಾರೂ ಹೇಳುವಂತಿರಲಿಲ್ಲ.

ಅವಳು ಅಳಲಿಲ್ಲ. ತೋಟ ಮಾಡಿದ ಹೆಂಗಸು. ಒಂದು ಕಾಂಡವನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿದಳು. ನೀರು ಇಳಿಯಿತು. ಇನ್ನೊಂದನ್ನು ಒತ್ತಿದಳು, ಅದರಿಂದಲೂ ನೀರು.

"ಇದು ನೀರು ಹೆಚ್ಚಾಗಿ ಹೋಗಿದೆ" ಎಂದಳು. ತಲೆಯೆತ್ತಿದಳು. "ನಾನು ಹೇಳಿದ್ನಲ್ಲಾ ಅವತ್ತು. ನೀರು ಸಾಲದು ಅಂತ. ಅದಕ್ಕಾ?"

ಇಷ್ಟು ತಿಂಗಳು ನಾನು ಹೇಳಬೇಕೆಂದಿದ್ದುದನ್ನು ಅವಳೇ ಬಾಯಿಬಿಟ್ಟು ಕೇಳಿದ್ದಳು.

"ಅಲ್ಲಮ್ಮ" ಎಂದಳು ಅಕ್ಕ. "ಯಂತ್ರ ಕೆಟ್ಟಿತ್ತು. ಅದರ ಪಾಡಿಗೆ ಅದು ನೀರು ಬಿಡ್ತಾ ಇತ್ತು. ನಮಗೆ ಗೊತ್ತಾಗ್ಲಿಲ್ಲ."

ಬಾಳೆಯಮ್ಮ ಅವಳನ್ನು ನಂಬಲಿಲ್ಲ. ನನ್ನ ಕಡೆ ತಿರುಗಿದಳು. "ಯಂತ್ರದ ಕೆಲಸ ನೋಡೋನು ನೀನಲ್ವೇನಪ್ಪ? ಹೌದಾ?"

ಅವಳ ಕೈ ಇನ್ನೂ ಚಾಚಿಕೊಂಡೇ ಇತ್ತು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಬಾಯಿ ಬಿಡಬೇಡ ಎಂದು ಅಕ್ಕ ಹೇಳಿದ್ದಳು. ಅಷ್ಟು ದಿನ ಕುದಿಸಿಟ್ಟುಕೊಂಡಿದ್ದ ಸಿಟ್ಟನ್ನೆಲ್ಲಾ ಹುಡುಕಿದೆ, ಒಂದು ಚೂರೂ ಸಿಗಲಿಲ್ಲ.

"ಹೌದಮ್ಮ" ಎಂದೆ. "ಯಂತ್ರ ಕೆಟ್ಟಿತ್ತು."

ಅವಳು ದೊಡ್ಡ ಉಸಿರು ಬಿಟ್ಟಳು. ಬಾಡಿದ್ದನ್ನು ಒಂದು ಬುಟ್ಟಿಯೊಳಗೆ ಮೆಲ್ಲಗೆ ಇಟ್ಟು, ಕೈಯನ್ನು ಬಟ್ಟೆಗೆ ಒರೆಸಿಕೊಂಡು ಎದ್ದಳು. ಅಕ್ಕನ ಭುಜದ ಮೇಲೆ ಕೈ ಇಟ್ಟಳು.

"ಸದ್ಯ, ಯಂತ್ರದ್ದು ತಾನೆ. ಅದಕ್ಕ್ಯಾಕೆ ಇಷ್ಟು ಕೊರಗ್ತೀಯಾ? ರಿಪೇರಿ ಮಾಡಿಸಿ, ಮತ್ತೆ ಮಾಡಿ. ಗುಂಡಿ ಹಾಗೇ ಇರ್ಲಿ, ನಾನು ಮುಚ್ಚಿಸಲ್ಲ. ಬರೋ ತಿಂಗಳು ಸೋಮವಾರ ಬರ್ತೀನಿ."

ಅಕ್ಕ ನನ್ನನ್ನು ನೋಡಿದಳು, ನಾನು ಅಕ್ಕನನ್ನು ನೋಡಿದೆ. ಬಾಳೆಯಮ್ಮ ಬುಟ್ಟಿಗಳನ್ನು ಒಂದರೊಳಗೊಂದು ಸೇರಿಸಿಕೊಂಡು ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.